ಹಳೆಯ ಕಾಂಗಾ ಡ್ರಮ್‌ಗಳನ್ನು ಜೋಡಿಸಿ, ಶ್ರುತಿಗೊಳಿಸಿ ನುಡಿಸುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಗಣೇಶೋತ್ಸವ ಮತ್ತು ರಾಜ್ಯೋತ್ಸವದ ವೇದಿಕೆಗಳಲ್ಲಿ ಚಿತ್ರಗೀತೆಗಳನ್ನು ನುಡಿಸುತ್ತಿದ್ದ ಬೆಂಗಳೂರಿನ ಆರ್ಕೆಸ್ಟ್ರಾ ತಂಡಗಳಲ್ಲಿ ಎತ್ತರದ ಎರಡು ಮೂರು ಡ್ರಮ್‌ಗಳ ಜೋಡಿಯೊಂದು ತಪ್ಪದೆ ಇರುತ್ತಿತ್ತು. ಆ ಡ್ರಮ್ಮಿನ ಹೆಸರು ಕಾಂಗಾ, ತಂಡದವರು ಅದನ್ನು 'ಕಾಂಗೋ' ಎಂದೋ 'ತುಂಬಾ' ಎಂದೋ ಕರೆಯುತ್ತಿದ್ದರು. ಎಲೆಕ್ಟ್ರಾನಿಕ್ ಪ್ಯಾಡ್‌ಗಳು ಬಂದ ಮೇಲೆ ಇವುಗಳಲ್ಲಿ ಎಷ್ಟೋ ಜೋಡಿಗಳು ಅಟ್ಟ ಸೇರಿದವು, ಕೆಲವು ಹಳೆಯ ಸಾಮಾನಿನ ಅಂಗಡಿಗಳಿಗೆ ಹೋದವು. ಈಗ ಅಂಥವು ಚರ್ಮ ಹರಿದು, ಕೊಕ್ಕೆಗಳು ತುಕ್ಕು ಹಿಡಿದು, ಬಿಡಿಭಾಗಗಳೆಲ್ಲ ಒಂದೇ ಚೀಲದಲ್ಲಿ ತುಂಬಿಕೊಂಡ ಸ್ಥಿತಿಯಲ್ಲಿ ಮಾರಾಟಕ್ಕೆ ಬರುತ್ತವೆ. ಒಡಲು ಗಟ್ಟಿಯಾಗಿದ್ದರೆ ಅವುಗಳಿಗೆ ಮತ್ತೆ ದನಿ ಬರಿಸುವುದು ಖಂಡಿತ ಸಾಧ್ಯ. ತಾಳ್ಮೆಯಿಂದ ಮಾಡಿದರೆ ಈ ಕೆಲಸದ ಬಹುಪಾಲನ್ನು ಮನೆಯಲ್ಲಿಯೇ ಮುಗಿಸಬಹುದು. ಭಾಗಗಳನ್ನು ಪರಿಶೀಲಿಸುವುದರಿಂದ ಆರಂಭಿಸಿ ಎರಡು ಡ್ರಮ್‌ಗಳ ಮೇಲೆ ಒಂದು ನಡೆಯನ್ನು ನುಡಿಸುವವರೆಗಿನ ದಾರಿಯನ್ನು ಇಲ್ಲಿ ವಿವರಿಸಿದ್ದೇನೆ.

ದುರಸ್ತಿ ಮತ್ತು ನುಡಿಸಾಣಿಕೆಯನ್ನು ಎರಡು ಬೇರೆ ವಿದ್ಯೆಗಳೆಂದು ನಾನು ಭಾವಿಸುವುದಿಲ್ಲ. ಚರ್ಮವನ್ನು ಬಿಗಿದಿಡುವ ಬಳೆ ಓರೆಯಾಗಿ ಕೂತಿದೆಯೆಂದು ಪತ್ತೆ ಹಚ್ಚುವ ಕಿವಿಯೇ ಮುಂದೆ ಕೈ ತಪ್ಪಾದ ಜಾಗದಲ್ಲಿ ಬೀಳುತ್ತಿದೆಯೆಂದು ಹೇಳುತ್ತದೆ. ಆದ್ದರಿಂದ ನುಡಿಸಲು ಕಲಿಯಬೇಕೆಂದಿರುವವರು ಜೋಡಿಸುವ ಕೆಲಸವನ್ನು ಪೂರ್ತಿಯಾಗಿ ಬೇರೆಯವರಿಗೆ ವಹಿಸದೆ, ಒಂದು ಡ್ರಮ್ಮನ್ನಾದರೂ ತಮ್ಮ ಕೈಯಾರೆ ಮಾಡಬೇಕು.

ವಾದ್ಯದ ಪರಿಚಯ

ಕಾಂಗಾ ಕ್ಯೂಬಾದಲ್ಲಿ ರೂಪುಗೊಂಡ ವಾದ್ಯ. ಗುಲಾಮರಾಗಿ ಅಲ್ಲಿಗೆ ಒಯ್ಯಲ್ಪಟ್ಟ ಮಧ್ಯ ಆಫ್ರಿಕಾದ ಕಾಂಗೋ ಪ್ರದೇಶದ ಜನರ ಮಕೂಟಾ, ಯೂಕಾ ಮೊದಲಾದ ಚರ್ಮವಾದ್ಯಗಳು ಇದರ ಪೂರ್ವಜರು. ಕ್ಯೂಬಾದಲ್ಲಿ ಇದನ್ನು ತುಂಬದೋರಾ ಎಂದು ಕರೆಯುತ್ತಾರೆ. ಮೊದಲಿಗೆ ಚರ್ಮವನ್ನು ಮರದ ಒಡಲಿಗೆ ಮೊಳೆ ಹೊಡೆದು ಕೂರಿಸುತ್ತಿದ್ದರು. ತಣ್ಣಗಾಗಿ ಸಡಿಲವಾದಾಗ, ನಮ್ಮ ತಮಟೆಯವರು ಮಾಡುವಂತೆಯೇ, ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಬರಿಸುತ್ತಿದ್ದರು. ಕೊಕ್ಕೆ ಮತ್ತು ನಟ್ಟುಗಳಿಂದ ಶ್ರುತಿ ಬದಲಿಸುವ ವ್ಯವಸ್ಥೆ 20ನೆಯ ಶತಮಾನದ ಮಧ್ಯಭಾಗದಲ್ಲಿ ಬಂದಿತು. ಅದು ಬಳಕೆಗೆ ಬರಲು ಕಾರಣರಾದವರಲ್ಲಿ ಕ್ಯೂಬಾದ ಕಾಂಗಾ ವಾದಕ ಕಾರ್ಲೋಸ್ 'ಪಟಾಟೋ' ವಾಲ್ಡೇಸ್ ಅವರ ಹೆಸರನ್ನು ಸಾಮಾನ್ಯವಾಗಿ ಮೊದಲು ಹೇಳುತ್ತಾರೆ. ಕ್ಯೂಬಾದ ಇನ್ನೊಬ್ಬ ವಾದಕ ಚಾನೋ ಪೋಸೋ 1947ರಲ್ಲಿ ಅಮೆರಿಕದ ಜಾಜ್ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿಯವರ ತಂಡವನ್ನು ಸೇರಿದ ಮೇಲೆ ಜಾಜ್ ಕೇಳುಗರಿಗೆ ಕಾಂಗಾದ ದನಿ ಪರಿಚಿತವಾಯಿತು. ಒಬ್ಬನೇ ವಾದಕ ಎರಡು ಮೂರು ಕಾಂಗಾಗಳನ್ನು ಶ್ರುತಿ ಮಾಡಿಕೊಂಡು ನುಡಿಸುವ ಪದ್ಧತಿಯನ್ನು ಬೆಳೆಸಿದವರಲ್ಲಿ ಕ್ಯಾಂಡಿಡೋ ಕಮೇರೋ ಪ್ರಮುಖರು.

ತಯಾರಕರಲ್ಲಿ ಅಮೆರಿಕದ ಎರಡು ಹೆಸರುಗಳು ಹಳೆಯ ಕಾಂಗಾಗಳ ಮೇಲೆ ಹೆಚ್ಚಾಗಿ ಕಾಣುತ್ತವೆ. ಗಾನ್ ಬಾಪ್ಸ್ 1954ರಲ್ಲಿ ಆರಂಭವಾದದ್ದು. ಮಾರ್ಟಿನ್ ಕೋಹೆನ್ ಅವರ ಲ್ಯಾಟಿನ್ ಪರ್ಕಷನ್, ಅಂದರೆ ಎಲ್‌ಪಿ, 1964ರದು. ಇವಲ್ಲದೆ ಹೆಸರಿನ ತಗಡೇ ಇಲ್ಲದ, ಭಾರತದಲ್ಲಿಯೇ ಕಟ್ಟಿದ ಡ್ರಮ್‌ಗಳೂ ನಮಗೆ ಸಿಗುತ್ತವೆ. ಹೆಸರಿಲ್ಲವೆಂಬ ಕಾರಣಕ್ಕೆ ಅವುಗಳನ್ನು ತಳ್ಳಿಹಾಕಬೇಡಿ. ಮರ ಚೆನ್ನಾಗಿದ್ದು ಬಾಯಂಚು ಸಮವಾಗಿದ್ದರೆ ಅವೂ ಒಳ್ಳೆಯ ನಾದವನ್ನು ಕೊಡುತ್ತವೆ.

ಜೋಡಿಯಲ್ಲಿ ಮೂರು ಗಾತ್ರಗಳಿರುತ್ತವೆ. ಸುಮಾರು 11 ಇಂಚು ಬಾಯಿಯ ಕಿಂಟೋ ಎತ್ತರದ ದನಿಯದು, 11¾ ಇಂಚಿನ ಕಾಂಗಾ ಮಧ್ಯದ್ದು, 12½ ಇಂಚಿನ 'ತುಂಬಾ' ಎಂಬುದು ತಗ್ಗಿನ ದನಿಯದು. ತಯಾರಕರಿಂದ ತಯಾರಕರಿಗೆ ಅಳತೆಗಳು ತುಸು ಬದಲಾಗುತ್ತವೆ. ಎತ್ತರ ಸಾಮಾನ್ಯವಾಗಿ 28ರಿಂದ 30 ಇಂಚು. ಕಲಿಕೆಗೆ ಒಂದೇ ಡ್ರಮ್ ಸಿಕ್ಕರೂ ಸಾಕು, ಮಧ್ಯದ ಕಾಂಗಾ ಆಗಿದ್ದರೆ ಅತ್ಯುತ್ತಮ.

ಭಾಗಗಳ ಹೆಸರುಗಳನ್ನು ಈಗಲೇ ತಿಳಿದಿಡುವುದು ಒಳ್ಳೆಯದು. ಮರದ ಅಥವಾ ಫೈಬರ್ ಗ್ಲಾಸಿನ ದೇಹವನ್ನು ಒಡಲು ಎಂದೂ, ಚರ್ಮ ಕೂರುವ ಮೇಲಿನ ಅಂಚನ್ನು ಬಾಯಂಚು ಎಂದೂ ಕರೆಯುತ್ತೇನೆ. ಚರ್ಮದ ಮಡಿಕೆಯೊಳಗೆ ಅಡಗಿರುವ ಕಬ್ಬಿಣದ ಸರಳಿನ ವೃತ್ತ ಒಳಬಳೆ. ಅದರ ಮೇಲೆ ಕೂತು ಚರ್ಮವನ್ನು ಕೆಳಗೆಳೆಯುವ, ಹೊರಗೆ ಕಾಣುವ ಲೋಹದ ಬಳೆ ಹೊರಬಳೆ. ಹೊರಬಳೆಯನ್ನು ಹಿಡಿದೆಳೆಯುವ ಐದೋ ಆರೋ ಕೊಕ್ಕೆ ಬೋಲ್ಟುಗಳು, ಅವು ಹಾದುಹೋಗುವ, ಒಡಲಿಗೆ ಬಿಗಿದ ಪಕ್ಕದ ತಗಡುಗಳು, ಕೆಳಗಿನ ನಟ್ಟುಗಳು ಮತ್ತು ವಾಷರ್‌ಗಳು ಉಳಿದ ಭಾಗಗಳು.

ಮೊದಲ ಹಂತ: ಬಿಚ್ಚುವುದು, ನೋಡುವುದು

ಬಿಚ್ಚುವ ಮುನ್ನ ಎಲ್ಲ ಕಡೆಯಿಂದಲೂ ಫೋಟೋ ತೆಗೆದಿಡಿ. ಒಂದೊಂದು ಕೊಕ್ಕೆಗೂ ಅದರ ಪಕ್ಕದ ತಗಡಿಗೂ ಒಂದೇ ಸಂಖ್ಯೆ ಬರೆದ ಕಾಗದದ ಟೇಪ್ ಅಂಟಿಸಿ. ಹಳೆಯ ಡ್ರಮ್‌ಗಳಲ್ಲಿ ಕೊಕ್ಕೆಗಳು ದಶಕಗಳ ಕಾಲ ತಮ್ಮ ತಮ್ಮ ಜಾಗಕ್ಕೆ ಬಾಗಿ ಹೊಂದಿಕೊಂಡಿರುವುದರಿಂದ ಅವುಗಳನ್ನು ಅದಲುಬದಲು ಮಾಡಿದರೆ ಬಳೆ ಸಮವಾಗಿ ಕೂರುವುದಿಲ್ಲ.

ನಟ್ಟುಗಳನ್ನು ಬಿಚ್ಚುವಾಗ ಸ್ಪ್ಯಾನರ್ ಸರಿಯಾದ ಅಳತೆಯದಾಗಿರಬೇಕು. ಅಮೆರಿಕದ ಹಳೆಯ ಕಾಂಗಾಗಳ ನಟ್ಟುಗಳು ಇಂಚಿನ ಅಳತೆಯವು. ನಮ್ಮ ಮನೆಗಳಲ್ಲಿರುವುದು ಮಿಲಿಮೀಟರ್ ಸ್ಪ್ಯಾನರ್. ಅರ್ಧ ಇಂಚೆಂದರೆ 12.7 ಮಿಲಿಮೀಟರ್, ಆದ್ದರಿಂದ 13ರ ಸ್ಪ್ಯಾನರ್ ಹಿಡಿದಂತೆ ಕಂಡರೂ ತುಕ್ಕು ಹಿಡಿದ ನಟ್ಟಿನ ಮೇಲೆ ಜಾರಿ ಅದರ ಮೂಲೆಗಳನ್ನು ಸವೆಸಿಬಿಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂಚಿನ ಅಳತೆಯ ರಿಂಗ್ ಸ್ಪ್ಯಾನರ್ ಕೇಳಿ ಪಡೆಯಿರಿ. ಸಿಕ್ಕಿಬಿದ್ದ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಮರುದಿನ ಪ್ರಯತ್ನಿಸಿ. ಸುತ್ತಿಗೆಯಿಂದ ಹೊಡೆದರೆ ಪೆಟ್ಟು ನೇರವಾಗಿ ಮರಕ್ಕೆ ಬೀಳುತ್ತದೆ, ಹಾಗಾಗಿ ಅದನ್ನು ದೂರವಿಡಿ. ಬಿಚ್ಚುವಾಗ ಒಂದೇ ಕೊಕ್ಕೆಯನ್ನು ಪೂರ್ತಿ ಸಡಿಲಿಸದೆ, ಪ್ರತಿಯೊಂದನ್ನೂ ಅರ್ಧರ್ಧ ಸುತ್ತು ಸಡಿಲಿಸುತ್ತ ವೃತ್ತದಲ್ಲಿ ಸಾಗಿ. ಇಲ್ಲವಾದರೆ ಎಳೆತವೆಲ್ಲ ಒಂದೇ ಪಕ್ಕಕ್ಕೆ ಬಿದ್ದು ಬಳೆ ತಿರುಚಿಕೊಳ್ಳುತ್ತದೆ.

ಎಲ್ಲವೂ ಬಿಚ್ಚಿದ ಮೇಲೆ ಒಡಲನ್ನು ಕತ್ತಲೆಯ ಕೋಣೆಯಲ್ಲಿಟ್ಟು ಒಳಗೊಂದು ಬಲ್ಬನ್ನು ಬೆಳಗಿಸಿ. ಒಡಲಿನ ಮರದ ಪಟ್ಟಿಗಳ ನಡುವಿನ ಬಿರುಕುಗಳಿಂದ ಬೆಳಕು ಸೋರುತ್ತದೆ. ಬಳಿಕ ಬೆರಳಗಂಟಿನಿಂದ ಒಡಲಿನ ಮೇಲೆಲ್ಲ ತಟ್ಟುತ್ತ ಹೋಗಿ. ಬಿಟ್ಟುಕೊಂಡ ಪಟ್ಟಿ ಇರುವಲ್ಲಿ ದನಿ ಸತ್ತಂತೆ, ಮೊಂಡಾಗಿ ಕೇಳುತ್ತದೆ. ಗೆದ್ದಲು ಅಥವಾ ಕೊರೆಯುವ ಹುಳುವಿನ ಸಣ್ಣ ರಂಧ್ರಗಳಿದ್ದು ಅವುಗಳಿಂದ ಹೊಸ ಪುಡಿ ಉದುರುತ್ತಿದ್ದರೆ, ಅದಕ್ಕೆ ಮೊದಲು ಔಷಧಿ ಹಾಕಿಸದೆ ಆ ಡ್ರಮ್ಮನ್ನು ಮನೆಯ ಇತರ ಮರದ ಸಾಮಾನುಗಳ ಬಳಿ ಇಡಬೇಡಿ.

ಎರಡನೆಯ ಹಂತ: ಒಡಲಿನ ದುರಸ್ತಿ

ಮರದ ಕಾಂಗಾ ಮರದ ಪಟ್ಟಿಗಳನ್ನು ಬಾಗಿಸಿ ಅಂಟಿಸಿ ಕಟ್ಟಿದ್ದು. ಬೆಂಗಳೂರಿನ ಹವೆಯಲ್ಲಿ ಈ ಪಟ್ಟಿಗಳು ವರ್ಷಪೂರ್ತಿ ಒಂದೇ ರೀತಿ ಇರುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ಹವೆಯಲ್ಲಿ ಮರ ಕುಗ್ಗಿ ಕೂಡುಗೆರೆಗಳು ಬಾಯಿಬಿಡುತ್ತವೆ, ಜೂನ್ ದಾಟಿದ ಮೇಲೆ ತೇವ ಹೀರಿ ಮತ್ತೆ ಹಿಗ್ಗುತ್ತವೆ. ಹೊಸದಾಗಿ ತಂದ ಡ್ರಮ್ಮನ್ನು ಎರಡು ವಾರವಾದರೂ ಮನೆಯೊಳಗೆ ಸುಮ್ಮನೆ ಬಿಟ್ಟು, ಅಲ್ಲಿನ ಹವೆಗೆ ಹೊಂದಿಕೊಂಡ ಮೇಲೆಯೇ ಅಂಟಿನ ಡಬ್ಬಿ ತೆರೆಯಿರಿ. ಮಾರ್ಚ್ ತಿಂಗಳಲ್ಲಿ ಕಾಣುವ ಕೂದಲೆಳೆಯಷ್ಟು ಬಿರುಕಿನಲ್ಲಿ ಗಟ್ಟಿ ಪುಟ್ಟಿ ತುಂಬುವುದು ತಪ್ಪು ಕೆಲಸ. ಮಳೆಗಾಲದಲ್ಲಿ ಮರ ಹಿಗ್ಗಿದಾಗ ಆ ಪುಟ್ಟಿ ಒತ್ತಿ ಪಕ್ಕದ ಕೂಡುಗೆರೆಯನ್ನು ಬಿಡಿಸುತ್ತದೆ.

ಬೆಳಕು ಸ್ಪಷ್ಟವಾಗಿ ಸೋರುವ ಬಿರುಕಿಗೆ ನೀರು ತಡೆಯುವ ಮರದ ಅಂಟು ಬೇಕು. ಮೊದಲು ತೆಳುವಾದ ಬ್ಲೇಡಿನಿಂದ ಬಿರುಕಿನೊಳಗಿನ ಹಳೆಯ ಅಂಟು, ಧೂಳು, ಮೇಣವನ್ನೆಲ್ಲ ಕೆರೆದು ತೆಗೆಯಿರಿ. ಹಳೆಯ ಅಂಟಿನ ಮೇಲೆ ಹೊಸ ಅಂಟು ನಿಲ್ಲುವುದಿಲ್ಲ. ಒಳಗಿನಿಂದಲೂ ಹೊರಗಿನಿಂದಲೂ ಅಂಟನ್ನು ಒತ್ತಿ ತುಂಬಿ, ಲಗೇಜು ಕಟ್ಟುವ ರ‍್ಯಾಚೆಟ್ ಪಟ್ಟಿಗಳನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಬಿಗಿದು 24 ಗಂಟೆ ಬಿಡಿ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಬೇಕು. ಪಟ್ಟಿ ಬಿಗಿದರೂ ಮುಚ್ಚಿಕೊಳ್ಳದಷ್ಟು ಅಗಲವಾದ ಬಿರುಕಿದ್ದರೆ ಅದೇ ಜಾತಿಯ ಮರದ ತೆಳು ಚಕ್ಕೆಯನ್ನು ಅಂಟಿನೊಂದಿಗೆ ಕೂರಿಸಿ, ಒಣಗಿದ ಮೇಲೆ ಸಮಮಾಡಿ. ಈ ಕೆಲಸ ಕೈಗೆ ಹತ್ತದಿದ್ದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಸುತ್ತಮುತ್ತ ವಿಚಾರಿಸಿ ನುರಿತ ಬಡಗಿಯೊಬ್ಬರಿಗೆ ತೋರಿಸಿ.

ಫೈಬರ್ ಗ್ಲಾಸ್ ಒಡಲಿಗೆ ಹವೆಯ ಕಾಟವಿಲ್ಲ. ಅದರ ಬಿರುಕನ್ನು ಒಳಗಿನಿಂದ ಗ್ಲಾಸ್ ಬಟ್ಟೆ ಮತ್ತು ರೆಸಿನ್ ಹಾಕಿ ಮುಚ್ಚಬಹುದು. ಉಜ್ಜುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಮಾಸ್ಕ್ ಧರಿಸಿ, ಬಯಲಿನಲ್ಲಿ ಉಜ್ಜಿ.

ಹಳೆಯ ಬಣ್ಣವನ್ನೋ ವಾರ್ನಿಷನ್ನೋ ಪೂರ್ತಿ ಕಿತ್ತು ಹೊಳೆಯುವಂತೆ ಮಾಡುವ ಆಸೆ ಅನೇಕರಿಗೆ ಬರುತ್ತದೆ. ನನ್ನ ಸಲಹೆ, ಬೇಡ. ದಶಕಗಳ ಕೈಬೆವರು ಹೀರಿದ ಆ ಮೇಲ್ಮೈ ವಾದ್ಯದ ಚರಿತ್ರೆಯ ಭಾಗ. ಒದ್ದೆ ಬಟ್ಟೆಯಿಂದ ಕೊಳೆ ತೆಗೆದು, ಒಣಗಿದ ಮೇಲೆ ತೆಳುವಾಗಿ ಪೀಠೋಪಕರಣಗಳ ಮೇಣ ಸವರಿದರೆ ಸಾಕು.

ಮೂರನೆಯ ಹಂತ: ಬಾಯಂಚು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಚರ್ಮ ಮುಟ್ಟುವುದು ಬಾಯಂಚನ್ನು ಮಾತ್ರ. ಅದು ಒಂದು ಕಡೆ ತಗ್ಗಿದ್ದರೆ ಚರ್ಮ ಅಲ್ಲಿ ಸರಿಯಾಗಿ ಕೂರದೆ ಝೇಂಕರಿಸುತ್ತದೆ, ಎಷ್ಟು ಬಿಗಿದರೂ ನಾದ ಶುದ್ಧವಾಗುವುದಿಲ್ಲ. ದುಬಾರಿ ಚರ್ಮ ಹಾಕಿಸಿಯೂ ದನಿ ಬರಲಿಲ್ಲವೆಂದು ಕೊರಗುವವರ ಡ್ರಮ್‌ಗಳಲ್ಲಿ ದೋಷ ಬಹುತೇಕ ಇಲ್ಲಿಯೇ ಇರುತ್ತದೆ.

ಪರೀಕ್ಷಿಸುವ ವಿಧಾನ ಸರಳ. ನಮ್ಮ ಮನೆಗಳ ಅಡುಗೆ ಕಟ್ಟೆಯ ಗ್ರಾನೈಟ್ ಸಾಕಷ್ಟು ಸಮತಟ್ಟಾಗಿರುತ್ತದೆ. ಅದರ ಮೇಲೆ ಒಡಲನ್ನು ತಲೆಕೆಳಗಾಗಿ ನಿಲ್ಲಿಸಿ, ಕೋಣೆಯ ದೀಪ ಆರಿಸಿ, ಕೆಳತುದಿಯ ತೆರೆದ ಬಾಯಿಯಿಂದ ಒಳಕ್ಕೆ ಟಾರ್ಚ್ ಬಿಡಿ. ಅಂಚಿನ ಕೆಳಗೆ ಎಲ್ಲಿ ಬೆಳಕಿನ ಗೆರೆ ಕಾಣುತ್ತದೆಯೋ ಅಲ್ಲಿ ತಗ್ಗಿದೆ ಎಂದರ್ಥ. ಆ ಜಾಗಗಳನ್ನು ಪೆನ್ಸಿಲ್ಲಿನಿಂದ ಗುರುತು ಮಾಡಿಕೊಳ್ಳಿ.

ಸಮಮಾಡಲು, ಬಾಯಿಗಿಂತ ದೊಡ್ಡದಾದ ದಪ್ಪ ಗಾಜಿನ ಮೇಲೆ 80 ಸಂಖ್ಯೆಯ ಸ್ಯಾಂಡ್ ಪೇಪರನ್ನು ಅಂಟಿಸಿ, ಅದರ ಮೇಲೆ ಒಡಲನ್ನು ತಲೆಕೆಳಗಾಗಿ ಇಟ್ಟು ನಿಧಾನವಾಗಿ ತಿರುಗಿಸಿ. ಕೈಯ ಒತ್ತಡ ಒಂದೇ ಕಡೆ ಬೀಳದಂತೆ ಆಗಾಗ ನೀವೇ ಡ್ರಮ್ಮಿನ ಇನ್ನೊಂದು ಪಕ್ಕಕ್ಕೆ ಹೋಗಿ ನಿಲ್ಲಬೇಕು. ಕೆಲವು ಸುತ್ತುಗಳಿಗೊಮ್ಮೆ ಟಾರ್ಚಿನ ಪರೀಕ್ಷೆಯನ್ನು ಮತ್ತೆ ಮಾಡಿ, ಬೆಳಕು ಮಾಯವಾದ ಕೂಡಲೇ ನಿಲ್ಲಿಸಿ, ಏಕೆಂದರೆ ತೆಗೆದ ಮರವನ್ನು ಮರಳಿ ತರಲಾಗುವುದಿಲ್ಲ. ಆಮೇಲೆ ಅಂಚಿನ ಹೊರಭಾಗವನ್ನು ಕೈಯಿಂದಲೇ ಉರುಟಾಗಿಸಿ. ಅಂಚು ಚೂಪಾಗಿದ್ದರೆ ಚರ್ಮವನ್ನು ಕೊಯ್ಯುತ್ತದೆ, ನುಡಿಸುವ ಕೈಗೂ ನೋವು. ಕೊನೆಗೆ 220ರ ಕಾಗದದಿಂದ ನುಣುಪು ಮಾಡಿ, ಮೇಣದಬತ್ತಿಯನ್ನು ಅಂಚಿನುದ್ದಕ್ಕೂ ಉಜ್ಜಿ. ಚರ್ಮ ಅದರ ಮೇಲೆ ಜಾರಿ ಸಮವಾಗಿ ಇಳಿಯಲು ಆ ತೆಳುವಾದ ಮೇಣ ನೆರವಾಗುತ್ತದೆ.

ನಾಲ್ಕನೆಯ ಹಂತ: ಲೋಹದ ಭಾಗಗಳು

ಕೊಕ್ಕೆ, ನಟ್ಟು, ವಾಷರ್‌ಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ. ಉಕ್ಕಿನ ಬ್ರಷ್ ಕ್ರೋಮ್ ಲೇಪವನ್ನು ಗೀರುತ್ತದೆ. ಮರೆಗಳ, ಅಂದರೆ ಬೋಲ್ಟಿನ ತಿರುಪುಗೆರೆಗಳ, ಮೇಲೆ ಮಾತ್ರ ತುಸು ಗ್ರೀಸ್ ಹಚ್ಚಿ. ಮರೆ ಸವೆದ ಒಂದು ಕೊಕ್ಕೆಯಿದ್ದರೂ ಅದನ್ನು ಬಳಸಬೇಡಿ. ಬಿಗಿದ ಚರ್ಮದ ಎಳೆತ ಬಹಳ ದೊಡ್ಡದು, ನುಡಿಸುವಾಗ ಕೊಕ್ಕೆ ಕಿತ್ತು ಹಾರಿದರೆ ಅಪಾಯ. ಮಾದರಿ ಕೊಟ್ಟರೆ ಪೀಣ್ಯದ ಸಣ್ಣ ಲೇತ್ ಕಾರ್ಖಾನೆಗಳಲ್ಲಿ ಅಂಥದೇ ಕೊಕ್ಕೆಯನ್ನು ಮಾಡಿಸಿಕೊಳ್ಳಬಹುದು. ಪಕ್ಕದ ತಗಡುಗಳನ್ನು ಮರಳಿ ಬಿಗಿಯುವಾಗ ತಗಡಿಗೂ ಮರಕ್ಕೂ ನಡುವೆ ತೆಳುವಾದ ರಬ್ಬರ್ ಹಾಳೆಯನ್ನಿಟ್ಟರೆ ಗಿಲಿಗಿಲಿ ಸದ್ದು ಬರುವುದಿಲ್ಲ.

ಹೊರಬಳೆಯನ್ನೂ ಒಳಬಳೆಯನ್ನೂ ಗ್ರಾನೈಟಿನ ಮೇಲಿಟ್ಟು ನೋಡಿ. ಅಲ್ಲಾಡಿದರೆ ತಿರುಚಿದೆ ಎಂದರ್ಥ. ಸಣ್ಣ ತಿರುಚನ್ನು ಕೈಯಿಂದ ಸರಿಪಡಿಸಬಹುದು.

ಐದನೆಯ ಹಂತ: ಚರ್ಮ ಹೊದಿಸುವುದು

ತಬಲಾಕ್ಕೆ ಬಳಸುವ ಮೇಕೆಯ ಚರ್ಮ ಕಾಂಗಾಕ್ಕೆ ತೀರ ತೆಳು. ಇಲ್ಲಿ ಬೇಕಾದದ್ದು ಎಮ್ಮೆಯ ಅಥವಾ ದನದ, ಸುಣ್ಣದಲ್ಲಿ ನೆನೆಸಿ ರೋಮ ತೆಗೆದ ಹಸಿ ಚರ್ಮ. ಚಪ್ಪಲಿಗೆ ಬಳಸುವ ಹದ ಮಾಡಿದ ಚರ್ಮ ಕೆಲಸಕ್ಕೆ ಬರುವುದಿಲ್ಲ. ದಪ್ಪ ಕಿಂಟೋಗೆ ಸುಮಾರು 2 ಮಿಲಿಮೀಟರ್, ತುಂಬಾಕ್ಕೆ 2.5ರಿಂದ 3 ಮಿಲಿಮೀಟರ್ ಇರಲಿ. ಬಳೇಪೇಟೆಯ ವಾದ್ಯದಂಗಡಿಗಳ ಬೀದಿಯಲ್ಲಿ ಚರ್ಮದ ಕೆಲಸ ಬಲ್ಲವರು ಸಿಗುತ್ತಾರೆ. ಕೊಳ್ಳುವಾಗ ಚರ್ಮವನ್ನು ಬೆಳಕಿಗೆ ಹಿಡಿದು ನೋಡಿ, ಅಂಚಿನಿಂದ ಅಂಚಿಗೆ ಬಣ್ಣ ಒಂದೇ ಸಮನಾಗಿ ಕಂಡರೆ ದಪ್ಪವೂ ಸಮವಾಗಿರುತ್ತದೆ. ಉಣ್ಣಿ ಕಚ್ಚಿದ ಗುರುತು, ಕತ್ತಿಯ ಗೀರು ನಡುಭಾಗದಲ್ಲಿ ಇರಕೂಡದು. 12 ಇಂಚಿನ ಬಾಯಿಗೆ ಕನಿಷ್ಠ 18 ಇಂಚು ವ್ಯಾಸದ ತುಂಡು ಬೇಕು.

ಈ ಕೆಲಸಕ್ಕೆ ನನ್ನ ಪ್ರಕಾರ ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಕಾಲ ಒಳ್ಳೆಯದು. ಮಳೆಗಾಲದಲ್ಲಿ ಚರ್ಮ ಒಣಗದೆ ವಾಸನೆ ಹಿಡಿಯುತ್ತದೆ, ಬೇಸಿಗೆಯಲ್ಲಿ ತೀರ ಬೇಗ, ಎಲ್ಲ ಕಡೆ ಒಂದೇ ಸಮನಾಗಿರದೆ ಒಣಗುವುದರಿಂದ ಬಿಗಿತ ಏರುಪೇರಾಗುತ್ತದೆ.

ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ತಣ್ಣೀರು ತುಂಬಿ, ಚರ್ಮವನ್ನು ಮುಳುಗಿಸಿ, ತೇಲದಂತೆ ಮೇಲೊಂದು ಕಲ್ಲಿಡಿ. ಒಂದು ರಾತ್ರಿಯಿಂದ 24 ಗಂಟೆಯವರೆಗೆ ನೆನೆದು, ಮಡಚಿದರೆ ಎಲ್ಲಿಯೂ ಗಡಸು ಉಳಿಯದಷ್ಟು ಮೆತ್ತಗಾಗಬೇಕು. ಬಿಸಿನೀರನ್ನು ಎಂದಿಗೂ ಬಳಸಬೇಡಿ. ಬಿಸಿಗೆ ಚರ್ಮದ ನಾರು ಮುದುಡಿ, ಅದರ ಬಲವೂ ನಾದವೂ ಹೋಗುತ್ತವೆ.

ನೆನೆದ ಚರ್ಮವನ್ನು ರೋಮವಿದ್ದ ನುಣುಪು ಮುಖ ಮೇಲಾಗುವಂತೆ ಒಡಲಿನ ಮೇಲೆ ಹಾಸಿ. ಬೆನ್ನೆಲುಬಿನ ಗೆರೆ ಕಾಣುತ್ತಿದ್ದರೆ ಅದು ಬಾಯಿಯ ನಡುಮಧ್ಯದಲ್ಲಿ ಹಾದುಹೋಗಲಿ, ಆಗ ಎರಡು ಪಕ್ಕಗಳೂ ಸಮವಾಗಿ ಹಿಗ್ಗುತ್ತವೆ. ಒಳಬಳೆಯನ್ನು ಚರ್ಮದ ಹೊರಗಿನಿಂದ ಅಂಚಿಗಿಂತ ಕೆಳಕ್ಕೆ ಇಳಿಸಿ. ಇಳಿಬಿದ್ದ ಚರ್ಮವನ್ನು ಆ ಬಳೆಯನ್ನು ಸುತ್ತಿಕೊಂಡು ಬರುವಂತೆ ಮೇಲಕ್ಕೆ ಮಡಚಿ, ಅದರ ಮೇಲೆ ಹೊರಬಳೆಯನ್ನು ಕೂರಿಸಿ. ಮಡಿಕೆಯ ಹೆಚ್ಚುವರಿ ಚರ್ಮ ಹೊರಬಳೆಯ ಒಳಗಿನಿಂದ ಮೇಲಕ್ಕೆ ಇಣುಕುತ್ತಿರಬೇಕು. ಕೊಕ್ಕೆಗಳನ್ನು ಅವುಗಳ ಸಂಖ್ಯೆಯ ಜಾಗದಲ್ಲಿಯೇ ಹಾಕಿ, ನಟ್ಟುಗಳನ್ನು ಮೊದಲು ಬೆರಳಿನಿಂದ ಮಾತ್ರ ಬಿಗಿಯಿರಿ. ಮೇಲೆ ಇಣುಕಿದ ಚರ್ಮವನ್ನು ಪಕ್ಕಡದಿಂದ ಸುತ್ತಲೂ ತುಸು ತುಸು ಎಳೆಯುತ್ತ ಬಂದರೆ ಸುಕ್ಕುಗಳು ಮಾಯವಾಗುತ್ತವೆ. ಆಮೇಲೆ ಸ್ಪ್ಯಾನರ್ ಹಿಡಿದು ಅರ್ಧ ಸುತ್ತಿನಂತೆ ವೃತ್ತದಲ್ಲಿ ಸಾಗಿ. ಪ್ರತಿ ಸುತ್ತಿನ ಬಳಿಕ ಹೊರಬಳೆಯಿಂದ ಪಕ್ಕದ ತಗಡಿನವರೆಗಿನ ದೂರವನ್ನು ಸ್ಕೇಲಿನಿಂದ ಎಲ್ಲ ಕೊಕ್ಕೆಗಳ ಬಳಿಯೂ ಅಳೆಯಿರಿ.

ಒದ್ದೆ ಚರ್ಮವನ್ನು ಶ್ರುತಿಯವರೆಗೆ ಬಿಗಿಯಬಾರದು. ಸುಕ್ಕು ಹೋಗಿ ಮುಖ ಸಪಾಟಾಗಿ, ಹೊರಬಳೆ ಮುಖಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಕೆಳಗೆ ಇಳಿದರೆ ಅಲ್ಲಿಗೆ ನಿಲ್ಲಿಸಿ. ಒಣಗುತ್ತ ಚರ್ಮ ತಾನಾಗಿಯೇ ಕುಗ್ಗಿ ಬಿಗಿಯುತ್ತದೆ. ಈಗಲೇ ಎಳೆದಿದ್ದರೆ ಆ ಬಲ ಕೊಕ್ಕೆಯನ್ನು ಬಗ್ಗಿಸುತ್ತದೆ ಅಥವಾ ಹಳೆಯ ಒಡಲಿನ ಅಂಟನ್ನು ಬಿಡಿಸುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿಯೂ ಬಿಸಿಲೂ ತಾಗದ ಕಡೆ, ನಾಲ್ಕು ದಿನದಿಂದ ಒಂದು ವಾರದವರೆಗೆ ಬಿಡಿ. ಪೂರ್ತಿ ಒಣಗಿದ ಚರ್ಮವನ್ನು ಮುಟ್ಟಿದರೆ ತಂಪೆನಿಸುವುದಿಲ್ಲ. ಆಗ ಮೇಲೆ ಇಣುಕಿದ ಹೆಚ್ಚುವರಿ ಭಾಗವನ್ನು ಹರಿತವಾದ ಬ್ಲೇಡಿನಿಂದ, ಅಲುಗು ಸದಾ ಮುಖದಿಂದ ಹೊರಕ್ಕೆ ತಿರುಗಿರುವಂತೆ ಹಿಡಿದು ಕತ್ತರಿಸಿ.

ಆರನೆಯ ಹಂತ: ಶ್ರುತಿ

ಹೊಸ ಚರ್ಮವನ್ನು ಒಂದೇ ದಿನ ಪೂರ್ತಿ ಏರಿಸದೆ, ಮೂರು ನಾಲ್ಕು ದಿನಗಳಲ್ಲಿ ಹಂತಹಂತವಾಗಿ ಶ್ರುತಿಗೆ ತನ್ನಿ. ಪ್ರತಿ ಸಲವೂ ಎಲ್ಲ ನಟ್ಟುಗಳಿಗೂ ಕಾಲು ಸುತ್ತಿನಷ್ಟೇ ಬಿಗಿ ಕೊಡಿ. ಮೃದಂಗದವರಿಗೆ ಮುಚ್ಚಿಗೆಯ ಸುತ್ತ ತಟ್ಟಿ ಎಲ್ಲ ಕಡೆ ಒಂದೇ ಶ್ರುತಿ ಬರುವಂತೆ ಮಾಡುವ ಅಭ್ಯಾಸವಿರುತ್ತದೆ. ಕಾಂಗಾದಲ್ಲಿಯೂ ಪ್ರತಿ ಕೊಕ್ಕೆಯ ಬಳಿ ತಟ್ಟಿ ಕೇಳಬೇಕು, ಆದರೆ ಒಂದೇ ದಪ್ಪದ ಚರ್ಮ ಅಪರೂಪವಾದ್ದರಿಂದ ಪೂರ್ತಿ ಹೊಂದಾಣಿಕೆ ಸಿಗದಿರಬಹುದು. ಅಂಥಲ್ಲಿ ಬಳೆ ಸಮಮಟ್ಟದಲ್ಲಿರುವುದಕ್ಕೆ ಆದ್ಯತೆ ಕೊಡಿ. ಒಂದು ಬಿಂದುವಿನ ಶ್ರುತಿಗಾಗಿ ಬಳೆಯನ್ನು ಓರೆ ಮಾಡಿದರೆ ತೆರೆದ ನಾದದ ಕಾರ್ವೆ, ಅಂದರೆ ಅದು ಉಳಿದು ಮೊಳಗುವ ಹೊತ್ತು, ಕಡಿಮೆಯಾಗುತ್ತದೆ.

ಎಷ್ಟು ಏರಿಸಬೇಕು? ಸಂಗೀತದ ಪರಿಚಯವಿರುವ ನಮ್ಮ ಓದುಗರಿಗೆ ಹೀಗೆ ಹೇಳಬಹುದು: ಒಂದು ಮನೆ, ಅಂದರೆ ಪಾಶ್ಚಾತ್ಯ ಸಿ, ಶ್ರುತಿಯ ಷಡ್ಜವನ್ನು ಕಾಂಗಾಕ್ಕೆ ಕೊಟ್ಟರೆ, ಅದರ ಕೆಳಗಿನ ಮಂದ್ರ ಪಂಚಮ ತುಂಬಾಕ್ಕೆ, ಮೇಲಿನ ಅಂತರ ಗಾಂಧಾರ ಕಿಂಟೋಗೆ ಸಲ್ಲುತ್ತದೆ. ಪ, ಸ, ಗ ಎಂಬ ಈ ಮೂರು ಸ್ವರಗಳು ಒಟ್ಟಿಗೆ ಕೇಳಲು ಹಿತವಾಗಿರುತ್ತವೆ. ಇದೊಂದೇ ನಿಯಮವೆಂದಲ್ಲ, ಹಾಡಿನ ಶ್ರುತಿಗೆ ತಕ್ಕಂತೆ ಬದಲಿಸುವವರೂ ಇದ್ದಾರೆ. ಹಳೆಯ ಡ್ರಮ್ ಒಂದು ಮನೆಯವರೆಗೆ ಏರಲು ತಿಣುಕುತ್ತಿದ್ದರೆ ಒತ್ತಾಯಿಸಬೇಡಿ. ಅದು ನಿರಾಯಾಸವಾಗಿ ಮೊಳಗುವ ಶ್ರುತಿಯನ್ನೇ ಷಡ್ಜವೆಂದು ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸಿ.

ಕೂರುವ ಬಗೆ

ಕಾಂಗಾದ ತಗ್ಗಿನ ನಾದ ಕೆಳಗಿನ ಬಾಯಿಯಿಂದ ಹೊರಬರುತ್ತದೆ. ಡ್ರಮ್ ಪೂರ್ತಿ ನೆಲಕ್ಕೆ ಅಂಟಿಕೊಂಡರೆ ಆ ನಾದ ಉಸಿರುಗಟ್ಟುತ್ತದೆ. ಕೈಗಳಿಲ್ಲದ ಗಟ್ಟಿ ಕುರ್ಚಿಯ ಅಂಚಿನಲ್ಲಿ ಬೆನ್ನು ನೇರವಾಗಿಟ್ಟು ಕುಳಿತು, ಕಾಂಗಾವನ್ನು ಮೊಣಕಾಲುಗಳ ನಡುವೆ ಹಿಡಿದು, ಕೆಳಗಿನ ಬಾಯಿ ಒಂದು ಕಡೆ ತುಸು ಎದ್ದಿರುವಂತೆ ಮುಂದಕ್ಕೆ ಓರೆ ಮಾಡಿ. ಬಲಗೈಯವರಾದರೆ ತುಂಬಾ ಡ್ರಮ್ ನಿಮ್ಮ ಬಲಕ್ಕೆ, ಕಿಂಟೋ ಇದ್ದರೆ ಎಡಕ್ಕೆ. ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಕೆಳಗಿನ ಮನೆಯವರನ್ನು ನೆನೆದು ದಪ್ಪ ಜಮಖಾನೆ ಹಾಸಿಕೊಳ್ಳುವುದು, ಮುಖದ ಮೇಲೆ ತೆಳುವಾದ ಟವೆಲ್ ಹಾಕಿ ಅಭ್ಯಾಸ ಮಾಡುವುದು ಒಳ್ಳೆಯದು. ಟವೆಲ್ ಮೇಲಿನ ಅಭ್ಯಾಸದಿಂದ ಕೈಯ ಕ್ರಮ ಕೂರುತ್ತದೆ, ನಾದ ಮಾತ್ರ ಕೂರುವುದಿಲ್ಲ. ಅದಕ್ಕಾಗಿ ದಿನಕ್ಕೆ ಸ್ವಲ್ಪ ಹೊತ್ತಾದರೂ ಬರಿ ಚರ್ಮದ ಮೇಲೆ ನುಡಿಸಲೇಬೇಕು.

ಪೆಟ್ಟುಗಳು

ಮೃದಂಗ ಅಥವಾ ತಬಲಾ ಕಲಿತವರ ಕೈಗೆ ಲಯದ ಸಿದ್ಧತೆ ಇರುತ್ತದೆ, ಆದರೆ ಬೆರಳುಗಳನ್ನು ಒಂದೊಂದಾಗಿ ಬಳಸುವ ಅಭ್ಯಾಸವನ್ನು ಇಲ್ಲಿ ತಡೆಹಿಡಿಯಬೇಕಾಗುತ್ತದೆ. ಕಾಂಗಾದಲ್ಲಿ ನಾಲ್ಕು ಬೆರಳುಗಳು ಕೂಡಿ ಒಂದೇ ಅಂಗವಾಗಿ ಕೆಲಸ ಮಾಡುತ್ತವೆ.

ತೆರೆದ ಪೆಟ್ಟನ್ನು ಮೊದಲು ಕಲಿಯಿರಿ, ಬೇರೆ ಯಾವುದಕ್ಕೂ ಆತುರ ಪಡಬೇಡಿ. ಬೆರಳುಗಳು ಅಂಗೈಯನ್ನು ಸೇರುವ ಗೆರೆ ಡ್ರಮ್ಮಿನ ಅಂಚಿನ ಮೇಲೆ ಬರುವಂತೆ ಕೈಯಿಡಿ. ಬೆರಳುಗಳು ಕೂಡಿರಲಿ, ಹೆಬ್ಬೆರಳು ಬಳೆಗೆ ತಗಲದಂತೆ ಮೇಲೆದ್ದಿರಲಿ. ಮುಂಗೈಯ ಭಾರವನ್ನು ಬೀಳಬಿಟ್ಟು, ಬೆರಳುಗಳು ಚರ್ಮಕ್ಕೆ ತಾಗಿದ ಕ್ಷಣವೇ ಅದರ ಪುಟಿತ ಕೈಯನ್ನು ಮೇಲಕ್ಕೆ ಎತ್ತಲು ಬಿಡಿ. ಉದ್ದವಾದ, ದುಂಡಗಿನ, ಸ್ವರ ಸ್ಪಷ್ಟವಾಗಿ ಕೇಳುವ ನಾದ ಬಂದರೆ ಪೆಟ್ಟು ಸರಿಯಾಗಿದೆ. ದನಿ ಸಪ್ಪೆಯಾದರೆ ಕೈ ಚರ್ಮದ ಮೇಲೆ ನಿಂತುಬಿಟ್ಟಿದೆ, ಎಲುಬು ನೋಯುತ್ತಿದ್ದರೆ ಅಂಗೈ ಬಳೆಗೆ ಬಡಿಯುತ್ತಿದೆ.

ತಗ್ಗು ಪೆಟ್ಟಿಗೆ ಇಡೀ ಅಂಗೈ ಮುಖದ ನಡುವೆ ಬಿದ್ದು ಪುಟಿಯಬೇಕು. ಮುಚ್ಚಿದ ಪೆಟ್ಟೆಂದರೆ ತೆರೆದ ಪೆಟ್ಟಿನ ಜಾಗದಲ್ಲಿಯೇ ಬಿದ್ದು ಬೆರಳುಗಳು ಅಲ್ಲಿಯೇ ನಿಲ್ಲುವುದು.

ಸ್ಲ್ಯಾಪ್ ಎನ್ನುವ ಚುರುಕಾದ ಪೆಟ್ಟು ಕಲಿಯಲು ಎಲ್ಲಕ್ಕಿಂತ ಕಷ್ಟ. ಅಂಗೈ ತುಸು ಗುಳಿಯಾಗಿ, ಬೆರಳ ತುದಿಗಳು ಮೊದಲು ಚರ್ಮವನ್ನು ಸೆಳೆದಂತೆ ತಾಗುತ್ತವೆ. ಆರಂಭದಲ್ಲಿ ಎಡಗೈಯನ್ನು ಚರ್ಮದ ಮೇಲೆ ಒತ್ತಿಟ್ಟುಕೊಂಡು ಬಲಗೈಯಿಂದ ಸ್ಲ್ಯಾಪ್ ಹಾಕಿದರೆ ದನಿ ಬೇಗ ಸಿಗುತ್ತದೆ. ಇದು ಬಲದಿಂದ ಬರುವುದಲ್ಲ, ಸಡಿಲವಾದ ಮಣಿಕಟ್ಟಿನಿಂದ ಬರುವುದು. ಗಟ್ಟಿಯಾಗಿ ಹೊಡೆದಷ್ಟೂ ಕೈ ಬಿಗಿಯಾಗಿ ದನಿ ದೂರವಾಗುತ್ತದೆ.

ಐದನೆಯದು ಎಡಗೈಯ ತೂಗಾಟ: ಅಂಗೈಯ ಬುಡ ಒಮ್ಮೆ, ಬೆರಳ ತುದಿಗಳು ಒಮ್ಮೆ, ಕೈ ಚರ್ಮವನ್ನು ಬಿಡದೆ ಹಿಂದೆ ಮುಂದೆ ತೂಗುತ್ತದೆ. ಇದರ ಸದ್ದು ಸಣ್ಣದು, ಆದರೆ ಕಾಲಪ್ರಮಾಣ ಕಾಯುವ ಕೆಲಸ ಇದರದು.

ಮೊದಲ ನಡೆ: ತುಂಬಾವ್

ಕಾಂಗಾದ ಮೂಲ ನಡೆಯನ್ನು ತುಂಬಾವ್ ಎನ್ನುತ್ತಾರೆ. ಸಮವಾದ ಎಂಟು ಎಣಿಕೆಗಳಲ್ಲಿ ಅದು ಹೀಗೆ ಸಾಗುತ್ತದೆ:

1 ಎಡಗೈ ಬುಡ
2 ಎಡಗೈ ಬೆರಳು
3 ಬಲಗೈ ಸ್ಲ್ಯಾಪ್
4 ಎಡಗೈ ಬೆರಳು
5 ಎಡಗೈ ಬುಡ
6 ಎಡಗೈ ಬೆರಳು
7 ಬಲಗೈ ತೆರೆದ ಪೆಟ್ಟು
8 ಬಲಗೈ ತೆರೆದ ಪೆಟ್ಟು

ಬಲಗೈ ಮೂರೇ ಸಲ ಬೀಳುತ್ತದೆ, ಐದು ಎಣಿಕೆಗಳು ಎಡಗೈಯವು. ಮೊಬೈಲಿನ ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಒಂದು ಟಿಕ್ಕಿಗೆ ಎರಡು ಎಣಿಕೆಯಂತೆ ಆರಂಭಿಸಿ. ಕೊನೆಯ ಎರಡು ತೆರೆದ ಪೆಟ್ಟುಗಳು ಒಂದೇ ತೂಕದಲ್ಲಿ ಕೇಳಬೇಕು. ಅವುಗಳ ಬಳಿಕ ಬರುವ ಒಂದನೆಯ ಎಣಿಕೆಗೆ ಒತ್ತು ಕೊಡಬೇಡಿ. ಆವರ್ತನದ ಆದಿಯಲ್ಲಿ ಸಮಕ್ಕೆ ಬಲ ಕೊಟ್ಟು ರೂಢಿಯಾದ ನಮ್ಮ ಕೈಗೆ ಇದು ಸ್ವಲ್ಪ ವಿಚಿತ್ರವೆನಿಸುತ್ತದೆ. ಈ ಸಂಗೀತದಲ್ಲಿ ಆವರ್ತದ ತುದಿಗೆ ಬರುವ ಏಳು ಎಂಟರ ನಾದವೇ ಮುಂದಿನ ಆವರ್ತವನ್ನು ಎಳೆದು ತರುತ್ತದೆ.

ಈ ನಡೆಯನ್ನು ಅಳೆಯುವ ಗೆರೆ ಕ್ಲಾವೆ. ಇದು ಎರಡು ಆವರ್ತಗಳಲ್ಲಿ, ಅಂದರೆ 16 ಎಣಿಕೆಗಳಲ್ಲಿ ಹರಡಿದ ಐದು ಚಪ್ಪಾಳೆಗಳ ವಿನ್ಯಾಸ. ಸೋನ್ ಎಂಬ ಕ್ಯೂಬಾದ ಸಂಗೀತಪ್ರಕಾರದ ಕ್ಲಾವೆಯಲ್ಲಿ ಚಪ್ಪಾಳೆಗಳು 1, 4, 7, 11, 13ನೆಯ ಎಣಿಕೆಗಳ ಮೇಲೆ ಬೀಳುತ್ತವೆ. ರುಂಬಾ ಕ್ಲಾವೆಯಲ್ಲಿ ಮೂರನೆಯ ಚಪ್ಪಾಳೆ 7ರಿಂದ 8ಕ್ಕೆ ಸರಿಯುತ್ತದೆ. ಕ್ಯೂಬಾದ ಆ ರುಂಬಾ ಪರಂಪರೆಯನ್ನು ಯುನೆಸ್ಕೋ 2016ರಲ್ಲಿ ಮಾನವತೆಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಡ್ರಮ್ಮನ್ನು ಮುಟ್ಟದೆ, ಕಾಲಿನಲ್ಲಿ 1, 5, 9, 13ನ್ನು ಹಾಕುತ್ತ, ಕೈಯಲ್ಲಿ ಕ್ಲಾವೆಯ ಚಪ್ಪಾಳೆ ಹೊಡೆದು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಸ್ನೇಹಿತರೊಬ್ಬರು ಕ್ಲಾವೆ ಹೊಡೆಯುತ್ತಿರಲು ನೀವು ತುಂಬಾವ್ ನುಡಿಸಿ. ಸೋನ್ ಕ್ಲಾವೆಯ ಮೂರು ಚಪ್ಪಾಳೆಗಳ ಆವರ್ತದಲ್ಲಿ ಕೊನೆಯ ಚಪ್ಪಾಳೆಯೂ ನಿಮ್ಮ ಮೊದಲ ತೆರೆದ ಪೆಟ್ಟೂ ಒಂದೇ ಕ್ಷಣದಲ್ಲಿ ಸೇರುವುದನ್ನು ಗಮನಿಸಿ ಕೇಳಿ.

ಎರಡನೆಯ ಡ್ರಮ್ಮನ್ನು ಸೇರಿಸಿಕೊಳ್ಳುವುದು ಇದಾದ ಮೇಲೆ. ಕ್ಲಾವೆಯ ಮೂರು ಚಪ್ಪಾಳೆಗಳಿರುವ ಆವರ್ತದಲ್ಲಿ, ನಾಲ್ಕನೆಯ ಎಣಿಕೆಯ ಎಡಗೈ ಬೆರಳಿನ ಬದಲು ಬಲಗೈಯನ್ನು ತುಂಬಾದ ಮೇಲೆ ಒಯ್ದು ಒಂದು ತೆರೆದ ಪೆಟ್ಟು ಹಾಕಿ, ಉಳಿದದ್ದನ್ನೆಲ್ಲ ಹಾಗೆಯೇ ನುಡಿಸಿ. ಎರಡು ಚಪ್ಪಾಳೆಗಳ ಆವರ್ತದಲ್ಲಿ ಏನನ್ನೂ ಬದಲಿಸಬೇಡಿ. ಆ ಒಂದೇ ಪೆಟ್ಟು ಕ್ಲಾವೆಯ ಎರಡನೆಯ ಚಪ್ಪಾಳೆಯೊಂದಿಗೆ ಸರಿಯಾಗಿ ಕೂಡಬೇಕು. ಕೂಡದಿದ್ದರೆ ವೇಗ ಇಳಿಸಿ, ಅಲಂಕಾರಗಳನ್ನು ಸೇರಿಸುವ ಯೋಚನೆಯನ್ನು ಸದ್ಯಕ್ಕೆ ಬಿಡಿ.

ಕೈಯ ಮತ್ತು ವಾದ್ಯದ ಆರೈಕೆ

ಆರಂಭದ ವಾರಗಳಲ್ಲಿ ಒಮ್ಮೆಗೆ 20 ನಿಮಿಷಕ್ಕಿಂತ ಹೆಚ್ಚು ನುಡಿಸದಿರುವುದು ಒಳ್ಳೆಯದು. ಅಂಗೈ ಕೆಂಪಾಗುವುದು ಸಹಜ, ಗಂಟುಗಳಲ್ಲಿ ಬಾವು ಬಂದರೆ ಇಳಿಯುವವರೆಗೆ ವಿಶ್ರಾಂತಿ ಕೊಡಿ. ಬಹಳ ಹೊತ್ತು ಬಲವಾಗಿ ನುಡಿಸಿದವರಲ್ಲಿ ಕೈಯ ರಕ್ತಕಣಗಳು ಒಡೆದು ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಇದು ಅಪರೂಪ, ಆದರೂ ಹಾಗೆ ಕಂಡರೆ ನುಡಿಸುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಿ.

ನುಡಿಸಿ ಮುಗಿಸಿದ ಮೇಲೆ ಪ್ರತಿ ನಟ್ಟನ್ನೂ ಒಂದೇ ಸಮನಾಗಿ, ಅರ್ಧದಿಂದ ಒಂದು ಸುತ್ತಿನವರೆಗೆ, ಸಡಿಲಿಸಿಡಿ. ಹಳೆಯ ಒಡಲಿಗೆ ಇದು ಕಡ್ಡಾಯ. ರಾತ್ರಿಯಿಡೀ ಬಿಗಿಯಲ್ಲಿದ್ದ ಚರ್ಮ ಮರುದಿನದ ಒಣ ಬಿಸಿಲಿಗೆ ಇನ್ನಷ್ಟು ಕುಗ್ಗಿ ಹರಿಯಬಹುದು, ಅಥವಾ ನೀವು ಶ್ರಮಪಟ್ಟು ಅಂಟಿಸಿದ ಕೂಡುಗೆರೆಯನ್ನೇ ಬಿಡಿಸಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಕಿಟಕಿಯ ಬಿಸಿಲಿನಿಂದ ದೂರವಿಡಿ, ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಮಳೆಗಾಲದಲ್ಲಿ ಚರ್ಮ ಸಡಿಲವಾಗಿ ಶ್ರುತಿ ಇಳಿದಾಗ ನಟ್ಟು ತಿರುಗಿಸುವ ಮುನ್ನ ಒಣ ಬಟ್ಟೆಯಿಂದ ಮುಖವನ್ನು ಚೆನ್ನಾಗಿ ಉಜ್ಜಿ, ಕೋಣೆಯೊಳಗೆ ಸ್ವಲ್ಪ ಹೊತ್ತು ಬಿಡಿ. ಎಷ್ಟೋ ಸಲ ಅಷ್ಟಕ್ಕೇ ಶ್ರುತಿ ಮರಳುತ್ತದೆ. ಹಸಿ ಚರ್ಮವನ್ನು ತಿನ್ನುವ ಸಣ್ಣ ಜೀರುಂಡೆಗಳು ಬಳೆಯ ಕೆಳಗಿನ ಮಡಿಕೆಯಲ್ಲಿ ಸೇರಿಕೊಳ್ಳುವುದರಿಂದ ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಆ ಮಡಿಕೆಯನ್ನು ಸುತ್ತಲೂ ನೋಡಿ. ಕಂದು ಪುಡಿ ಕಂಡರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸಿ, ಚರ್ಮದಲ್ಲಿ ತೂತು ಬಿದ್ದಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಮತ್ತೆ ಬಿಗಿಯಿರಿ.